ಮಾರುತಿ 800 ಹಿಂದಿನ ಚಕ್ರ: ಬಲಗಡೆ ಬೇರಿಂಗ್ ಮುಗೀತು, ಎಡಗಡೆ ಬಾಕಿ

ಗೊಂಯ್ ಅನ್ನೋ ಸದ್ದು ಶುರುವಾಗಿ ಎರಡು ತಿಂಗಳಾಗಿತ್ತು. ನಮ್ಮದು 2007ರ ಗಾಡಿ. ನಲವತ್ತರ ಒಳಗೆ ಏನೂ ಇಲ್ಲ, ಐವತ್ತು ದಾಟಿದರೆ ಡಿಕ್ಕಿಯಲ್ಲಿ ಯಾರೋ ಹಿಟ್ಟಿನ ಗಿರಣಿ ಇಟ್ಟ ಹಾಗೆ. ಮೊದಲು ಟೈರ್ ಅಂದುಕೊಂಡೆ. ಹಿಂದಿನದನ್ನು ಮುಂದಕ್ಕೆ, ಮುಂದಿನದನ್ನು ಹಿಂದಕ್ಕೆ ಹಾಕಿ ನೋಡಿದೆ. ಸದ್ದು ಇದ್ದ ಜಾಗದಲ್ಲೇ ಇತ್ತು. ತೀರ್ಥಹಳ್ಳಿಗೆ ಹೋಗುವಾಗ ಮಂಡಗದ್ದೆ ಹತ್ತಿರದ ತಿರುವುಗಳಲ್ಲಿ ಗೊತ್ತಾಯಿತು: ಎಡಕ್ಕೆ ತಿರುಗಿಸಿದರೆ ಜಾಸ್ತಿ, ಬಲಕ್ಕೆ ತಿರುಗಿಸಿದರೆ ಕಮ್ಮಿ. ಎಡಕ್ಕೆ ತಿರುಗುವಾಗ ಭಾರ ಬೀಳೋದು ಬಲಗಡೆ ಚಕ್ರದ ಮೇಲೆ ಅಲ್ವಾ? ಮನೆಗೆ ಬಂದು ಜಾಕ್ ಹಾಕಿ, ಸ್ಪ್ರಿಂಗ್ ಮೇಲೆ ಒಂದು ಕೈ ಇಟ್ಟು ಇನ್ನೊಂದರಲ್ಲಿ ಚಕ್ರ ತಿರುಗಿಸಿದೆ. ಬೆರಳಿಗೆ ಮರಳು ಅರೆದಂತೆ ತಾಗಿತು.

ಶನಿವಾರ

ಮುಚ್ಚಳ ಕಿತ್ತು, ನಟ್ ಬಿಚ್ಚಿಕೊಳ್ಳದ ಹಾಗೆ ತಡೆಯುವ ಸ್ಪ್ಲಿಟ್ ಪಿನ್ ತೆಗೆದು, ನಡುವಿನ ನಟ್ಟನ್ನು ಚಕ್ರ ನೆಲದ ಮೇಲಿರುವಾಗಲೇ ಸಡಿಲ ಮಾಡಿಕೊಂಡೆ. ಪಾನಾಕ್ಕೆ ಎರಡು ಅಡಿ ಪೈಪು ಸಿಕ್ಕಿಸಿ ತುಳಿಯಬೇಕಾಯಿತು. ಆಮೇಲೆ ಗಾಡಿ ಎತ್ತಿ ಸ್ಟ್ಯಾಂಡ್ ಕೊಟ್ಟೆ. ಚಕ್ರದ ಹಿಂದಿರುವ ಬ್ರೇಕ್ ಡ್ರಮ್ ಬರಬೇಕಾದರೆ ಹ್ಯಾಂಡ್ ಬ್ರೇಕ್ ಬಿಡಲೇಬೇಕು. ಹಾಗಾಗಿ ಫಸ್ಟ್ ಗೇರ್ ಹಾಕಿ, ಮುಂದಿನ ಎರಡೂ ಚಕ್ರಕ್ಕೆ ಹಿಂದೆ ಮುಂದೆ ಸೈಜುಗಲ್ಲು.

ಡ್ರಮ್ ಅಲ್ಲಾಡಲಿಲ್ಲ. ಗ್ಯಾರೇಜಿನವರು ಇದಕ್ಕೆ ಸ್ಲೈಡ್ ಹ್ಯಾಮರ್ (ಸರಳಿನ ಮೇಲೆ ಜಾರುವ ತೂಕದಿಂದ ಹೊರಕ್ಕೆ ಜಗ್ಗುವ ಸಾಧನ) ಹಾಕುತ್ತಾರೆ. ನನ್ನ ಹತ್ತಿರ ಇಲ್ಲ. ಚಕ್ರವನ್ನೇ ಮತ್ತೆ ಡ್ರಮ್ಮಿಗೆ ಕೂರಿಸಿ, ಎರಡು ನಟ್ ಸಡಿಲವಾಗಿ ಹಾಕಿ, ಕೂತು ಎರಡೂ ಕೈಯಲ್ಲಿ ಜಗ್ಗಿದೆ. ಏಳೆಂಟು ಸಲಕ್ಕೆ ಬಂತು. ಸ್ಟ್ಯಾಂಡ್ ಗಟ್ಟಿ ಇಲ್ಲದಿದ್ದರೆ ಈ ಕೆಲಸ ಬೇಡ. ಒಳಗಿನ ಬ್ರೇಕ್ ಧೂಳನ್ನು ಊದಬಾರದು, ಒದ್ದೆ ಬಟ್ಟೆಯಲ್ಲಿ ಒರೆಸಿದೆ.

ಡ್ರಮ್ಮಿನ ಒಳಗೆ ಎರಡು ಬಾಲ್ ಬೇರಿಂಗ್ (ಒಂದೊಂದರಲ್ಲೂ ಒಳಬಳೆ, ಹೊರಬಳೆ, ಮಧ್ಯೆ ಗುಂಡುಗಳು), ಎರಡರ ನಡುವೆ ಕೊಳವೆಯಂಥ ಒಂದು ಸ್ಪೇಸರ್. ಸ್ಪೇಸರನ್ನು ಉಳಿಯಿಂದ ಒಂದು ಪಕ್ಕಕ್ಕೆ ಸರಿಸಿದರೆ ಆಚೆ ಬೇರಿಂಗಿನ ಅಂಚು ಉಗುರಿನಷ್ಟು ಕಾಣುತ್ತದೆ. ಅಲ್ಲಿ ಕಬ್ಬಿಣದ ಸರಳಿಟ್ಟು ಸುತ್ತಲೂ ಸ್ವಲ್ಪ ಸ್ವಲ್ಪವೇ ಬಡಿಯಬೇಕು. ಒಂದೇ ಕಡೆ ಬಡಿದರೆ ಓರೆಯಾಗಿ ಸಿಕ್ಕಿಕೊಳ್ಳುತ್ತದೆ. ಹೊರಗೆ ಬಂದ ಹಳೇ ಬೇರಿಂಗಿನ ಗ್ರೀಸು ಕಾಫಿ ಗಸಿಯ ಹಾಗಿತ್ತು. ಗುಂಡು ಓಡುವ ದಾರಿಯಲ್ಲಿ ಸಾಸಿವೆ ಗಾತ್ರದ ಒಂದು ಚಕ್ಕೆ ಎದ್ದಿತ್ತು. ಇಷ್ಟೆಲ್ಲಾ ಗಲಾಟೆ ಅದರದ್ದೇ.

ಹೊಸ ಬೇರಿಂಗುಗಳನ್ನು ಪ್ಲಾಸ್ಟಿಕ್ ಕವರಲ್ಲಿ ಕಟ್ಟಿ ರಾತ್ರಿ ಫ್ರೀಜರಿಗೆ ಹಾಕಿದೆ. "ಅವರೆಕಾಳಿನ ಪಕ್ಕ ಇದೇನೋ ಇಟ್ಟಿದೀಯ?" ಅಂದರು ಅಮ್ಮ. ತಣ್ಣಗಾದರೆ ಕೂದಲಿನಷ್ಟು ಕುಗ್ಗುತ್ತಮ್ಮ ಅಂದೆ. ಅವರೆಕಾಳನ್ನು ಕೆಳಗಿನ ತಟ್ಟೆಗೆ ಇಳಿಸಿದರು.

ಭಾನುವಾರ

ಡ್ರಮ್ಮನ್ನು ಬೆಳಿಗ್ಗೆಯಿಂದ ಬಿಸಿಲಿಗಿಟ್ಟಿದ್ದೆ. ಮೊದಲ ಬೇರಿಂಗ್ ಅರ್ಧ ತಾನಾಗೇ ಇಳಿಯಿತು. ಉಳಿದದ್ದಕ್ಕೆ ಹಳೇ ಬೇರಿಂಗನ್ನೇ ಮೇಲಿಟ್ಟು ಬಡಿದೆ. ಏಟು ಹೊರಗಿನ ಬಳೆಗೆ ಮಾತ್ರ ಬೀಳಬೇಕು. ಸೀಲ್ ಇರುವ ಮುಖ ಹೊರಕ್ಕೆ. ಗ್ರೀಸ್ ತುಂಬಿ, ಡ್ರಮ್ ಮಗುಚಿ, ಎರಡನೆಯದನ್ನೂ ಕೂರಿಸಿದೆ. ಸರಾಗವಾಗಿ ಹೋಗುತ್ತಿತ್ತು, ಬೀಗುತ್ತಿದ್ದೆ.

ನಟ್ ಬಿಗಿದ ಮೇಲೆ ಡ್ರಮ್ ತಿರುಗಲೇ ಇಲ್ಲ.

ಡ್ರಮ್ಮಿಗೆ ಒತ್ತಿ ಗಾಡಿ ನಿಲ್ಲಿಸುವ ಬ್ರೇಕ್ ಶೂ ತಾಗುತ್ತಿದೆ ಅಂದುಕೊಂಡು ಅದರ ಅಡ್ಜಸ್ಟರ್ ಜೊತೆ ಅರ್ಧ ಗಂಟೆ ಸುಮ್ನೆ ಗುದ್ದಾಡಿದೆ. ಕೊನೆಗೆ ನಟ್ಟನ್ನೇ ಅರ್ಧ ಸುತ್ತು ಸಡಿಲಿಸಿದೆ. ತಿರುಗಿತು, ಆದರೆ ಲೊಡಲೊಡ. ಆಗ ತಲೆಗೆ ಬಂತು. ಭಾಗಗಳನ್ನು ತೊಳೆದಿದ್ದ ಡೀಸೆಲ್ ಬೋಗುಣಿಗೆ ಕೈ ಹಾಕಿದೆ. ಕಪ್ಪು ಡೀಸೆಲ್ಲಿನ ತಳದಲ್ಲಿ ಸ್ಪೇಸರ್ ತಣ್ಣಗೆ ಕೂತಿತ್ತು!

ಗುಂಡಿನ ಬದಲು ಓರೆ ಉರುಳೆಗಳ ಬೇರಿಂಗ್ (ಟೇಪರ್ ರೋಲರ್) ಇರುವ ಗಾಡಿಗಳಲ್ಲಿ ನಟ್ ಬಿಗಿದು, ಸ್ವಲ್ಪ ಬಿಟ್ಟು, ಚಕ್ರ ಎಷ್ಟು ಅಲ್ಲಾಡುತ್ತೆ ನೋಡಬೇಕು. ಇಲ್ಲಿ ನಟ್ಟನ್ನು ಪೂರ್ತಿ ಬಿಗಿಯಬೇಕು. ಆ ಬಿಗಿತವನ್ನೆಲ್ಲ ಹೊರುವುದು ಎರಡು ಒಳಬಳೆಗಳ ನಡುವಿನ ಈ ಸ್ಪೇಸರ್. ಅದಿಲ್ಲದಿದ್ದರೆ ಎರಡೂ ಒಳಬಳೆ ಒಂದರ ಕಡೆಗೊಂದು ಸರಿದು ಗುಂಡುಗಳನ್ನು ಪಕ್ಕಕ್ಕೆ ಅದುಮುತ್ತವೆ.

ಬಿಗಿಯುವಾಗ ಎರಡೂ ಬೇರಿಂಗ್ ಅದುಮಿಸಿಕೊಂಡಿದ್ದವು. ಅದರ ಮೇಲೆ ಕೀಳುವಾಗ ಒಳಬಳೆಗೇ ಬಡಿಯಬೇಕಾಯಿತು. ಎರಡನ್ನೂ ಕಿತ್ತು ತಿರುಗಿಸಿ ನೋಡಿದೆ. ಒಂದರಲ್ಲಿ ಆಗಲೇ ಟಿಕ್ ಟಿಕ್. ಇನ್ನೊಂದು ಸದ್ದಿಲ್ಲದಿದ್ದರೂ ನಂಬಿಕೆ ಬರಲಿಲ್ಲ. ಎರಡೂ ಗುಜರಿಗೆ.

ಬುಧವಾರ

ಅಂಗಡಿಯವರು "ಮತ್ತೆ ಬಂದ್ರಾ ಸಾರ್?" ಅಂದರು. ನಕ್ಕು ದುಡ್ಡು ಕೊಟ್ಟೆ. ಸಂಜೆ ಈ ಸಲ ಸ್ಪೇಸರ್ ಸಮೇತ ಎಲ್ಲಾ ಕೂತಿತು. ನಟ್ ಬಿಗಿದು ಕೈಯಲ್ಲಿ ತಳ್ಳಿದರೆ ಡ್ರಮ್ ಸದ್ದಿಲ್ಲದೆ ಸುತ್ತಿತು. ಹೊಸ ಸ್ಪ್ಲಿಟ್ ಪಿನ್ ಹಾಕಿ ಮಡಚಿದೆ. ಸಕ್ರೆಬೈಲಿನ ತನಕ ಹೋಗಿ ಬಂದೆ. ಇಳಿದು ಮುಚ್ಚಳ ಮುಟ್ಟಿದರೆ ಉಗುರುಬೆಚ್ಚಗೂ ಇರಲಿಲ್ಲ.

ಗಿರಣಿ ನಿಂತಿದೆ. ಅದು ನಿಂತ ಮೇಲೆ, ಅರವತ್ತರಲ್ಲಿ, ಎಡಗಡೆಯಿಂದ ತೆಳ್ಳಗೆ ಇನ್ನೊಂದು ಸದ್ದು ಕೇಳಿಸುತ್ತಿದೆ. ಬೇರಿಂಗ್ ತಂದಿಟ್ಟಿದ್ದೇನೆ. ಮುಂದಿನ ಶನಿವಾರ. ಡೀಸೆಲ್ ಬೋಗುಣಿಯ ಬದಲು ಜರಡಿ ಹುಡುಕುತ್ತಿದ್ದೇನೆ, ಅಮ್ಮನದು ಬಿಟ್ಟು.