ಗಾಜಿನ ಮೇಲೆ ಕಾಲಿಡದ ಅಪ್ಪ

ನವೆಂಬರ್ 17, 2024, ಭಾನುವಾರ
ನಿಶಿ ಕಸಾಯ್, ಟೋಕಿಯೊ

ಎಲ್ಲರೂ ಮಲಗಿದ್ದಾರೆ. ಪಾತ್ರೆ ಸಿಂಕಿನಲ್ಲೇ ಇದೆ, ಇರಲಿ.

ಸ್ಕೈಟ್ರೀಗೆ ಹೋಗೋಣ ಅಂತ ನಮ್ಮವರು ಹೇಳಿದ್ದರು. ಅದು 634 ಮೀಟರ್ ಎತ್ತರದ ಟವರ್, ಹೊಸದು. ಅಪ್ಪ ಮಾತ್ರ ಟೋಕಿಯೊ ಟವರೇ ಬೇಕು ಅಂದರು. "ಅದು ನಮ್ಮ ಲೈನ್ ಟವರ್ ಥರಾನೇ ಇದೆ ಕಣೇ." ಸರ್ವೀಸೆಲ್ಲಾ ಶರಾವತಿ ಕರೆಂಟ್ ಲೈನಿನ ಟವರ್ ಹತ್ತಿ ಇಳಿದವರು, ಬೇರೆ ಏನು ಹೇಳುತ್ತಾರೆ? ಕಯಾಬಾಚೋದಲ್ಲಿ ರೈಲು ಬದಲಿಸಿ ಕಮಿಯಾಚೋದಲ್ಲಿ ಇಳಿದೆವು. ಪಕ್ಕದಲ್ಲೇ ಹೊಸ ಕಟ್ಟಡವೊಂದು ಎದ್ದಿದೆ, 325 ಮೀಟರ್. ಟವರ್ 333. ಪಾಪ, ಮೊದಲಿನ ಹಾಗೆ ಒಂಟಿಯಾಗಿ ಕಾಣಲ್ಲ ಈಗ.

ಮುಖ್ಯ ಡೆಕ್ಕಿನಲ್ಲಿ, 145 ಮೀಟರ್ ಎತ್ತರದಲ್ಲಿ, ನೆಲಕ್ಕೆ ಗಾಜು ಹಾಕಿದ್ದಾರೆ. ಕೆಳಗೆ ರಸ್ತೆ, ಇರುವೆ ಸಾಲಿನ ಹಾಗೆ ಕಾರುಗಳು. ಅಮ್ಮ ಸೀರೆ ಸ್ವಲ್ಪ ಎತ್ತಿಕೊಂಡು ಸೀದಾ ಹೋಗಿ ನಿಂತುಬಿಟ್ಟಳು. "ಬನ್ರೀ, ಏನೂ ಆಗಲ್ಲ!" ಅಪ್ಪ ಬರಲಿಲ್ಲ. ಮೊಮ್ಮಗ ಕೈ ಹಿಡಿದು ಎಳೆದ. ಆಗಲೂ ಬರಲಿಲ್ಲ.

"ಭಯಾನಾ ಅಪ್ಪ?"

"ಹೂಂ."

ತಮಾಷೆ ಅಂದುಕೊಂಡೆ. ಅಲ್ಲ.

"ಟವರ್ ಮೇಲೆ ಭಯ ಆಗ್ತಿರಲಿಲ್ವಾ?"

"ಅಲ್ಲಿ ಕೈಯಲ್ಲಿ ಕಬ್ಬಿಣ ಇರ್ತಿತ್ತಲ್ಲೇ. ಸೊಂಟಕ್ಕೆ ಬೆಲ್ಟು. ಒಂದು ಕೈ ಕೆಲಸಕ್ಕೆ, ಒಂದು ಕೈ ಜೀವಕ್ಕೆ. ಇಲ್ಲಿ ಸುಮ್ನೆ ಜೇಬಲ್ಲಿ ಕೈ ಇಟ್ಕೊಂಡು ನಿಲ್ಲೋದು ಅಂದ್ರೆ ಹೆಂಗೆ?"

ನಾನು ಏನೂ ಹೇಳಲಿಲ್ಲ. ಅಪ್ಪನ ಬಾಯಲ್ಲಿ ಭಯ ಅನ್ನೋ ಮಾತು ಕೇಳಿದ್ದೇ ನೆನಪಿಲ್ಲ.

ಇಳಿಯುವಾಗ ಲಿಫ್ಟ್ ಬೇಡ ಅಂತ ಹಠ. ಹೊರಗಿನ ಮೆಟ್ಟಿಲು, ಸುಮಾರು 600. ಮಂಡಿ ನೋವು ಅಂತ ಮುಲಾಮು ಹಚ್ಚಿಕೊಳ್ಳೋರು ಇವರೇನಾ? ಅಮ್ಮ, ನಮ್ಮವರು, ಮಗ ಲಿಫ್ಟಿನಲ್ಲಿ ಹೋದರು. ನಾನು ಅಪ್ಪನ ಜೊತೆ ಇಳಿದೆ. ಸುತ್ತ ಜಾಲರಿ, ಅದರಾಚೆ ಕೆಂಪು ಬಣ್ಣದ ಕಬ್ಬಿಣ. ಕೈಗೆ ಸಿಕ್ಕಿದ್ದನ್ನೆಲ್ಲ ಮುಟ್ಟುತ್ತಾ, ಆಗಾಗ ಬೆರಳಲ್ಲಿ ತಟ್ಟಿ ನೋಡುತ್ತಾ ಇಳಿದರು. "ನೋಡು, ರಿವೆಟ್. ನಮ್ಮದೆಲ್ಲ ನಟ್ಟು ಬೋಲ್ಟು." ಬಿಸಿಯಾಗಿ ಕೆಂಪಗೆ ಕಾದ ರಿವೆಟನ್ನು ಕೆಳಗಿನವನು ಎಸೆಯುತ್ತಿದ್ದನಂತೆ, ಮೇಲಿನವನು ಡಬ್ಬಿಯಲ್ಲಿ ಹಿಡಿಯುತ್ತಿದ್ದನಂತೆ, ನಾನು ಎಲ್ಲೋ ಓದಿದ್ದೆ, ಹೇಳಿದೆ. 1957ರಲ್ಲಿ ಶುರು ಮಾಡಿ 1958ರ ಡಿಸೆಂಬರ್‌ಗೆ ಮುಗಿಸಿದ್ದಾರೆ. ಮೇಲಿನ ಭಾಗಕ್ಕೆ ಕೊರಿಯಾ ಯುದ್ಧದ ಅಮೆರಿಕನ್ ಟ್ಯಾಂಕ್‌ಗಳ ಗುಜರಿ ಕಬ್ಬಿಣವನ್ನೂ ಕರಗಿಸಿ ಹಾಕಿದರಂತೆ. ಅಪ್ಪನಿಗೆ ಟ್ಯಾಂಕ್ ಬೇಕಾಗಿರಲಿಲ್ಲ.

"ಡಬ್ಬಿಯಲ್ಲಿ ಹಿಡಿದ್ನಾ? ತಪ್ಪಿದ್ರೆ?"

"ಗೊತ್ತಿಲ್ಲಪ್ಪ."

"ಬಣ್ಣ ಯಾರು ಹಚ್ತಾರೆ?"

"ಕೆಲವು ವರ್ಷಕ್ಕೊಮ್ಮೆ ಜನ ಹತ್ತಿ ಕೈಯಲ್ಲೇ ಹಚ್ತಾರಂತೆ, ಬ್ರಷ್‌ನಲ್ಲಿ."

ಅಪ್ಪ ನಿಂತು ಮೇಲೆ ನೋಡಿದರು. ಟಿವಿ ಪ್ರಸಾರದ ಮುಖ್ಯ ಕೆಲಸವೆಲ್ಲ 2013ರಲ್ಲೇ ಸ್ಕೈಟ್ರೀಗೆ ಹೋಯ್ತು ಅಂದೆ. "ಹಂಗಾದ್ರೆ ಇದೂ ಪೆನ್ಷನ್ ಪಾರ್ಟಿ" ಅಂತ ಜೋರಾಗಿ ನಕ್ಕರು. ಮೇಲಕ್ಕೆ ಏದುಸಿರು ಬಿಡುತ್ತಾ ಬರುತ್ತಿದ್ದ ಜಪಾನಿ ಹುಡುಗಿಯರೂ ಸುಮ್ನೆ ನಕ್ಕರು. ಬಂದಾಗಿನಿಂದ ಇಷ್ಟು ಮಾತಾಡಿದ್ದೇ ಇಲ್ಲ ಅಪ್ಪ. ಮನೆಯಲ್ಲಿ ಟಿವಿ ಮುಂದೆ ಕೂತಿರುತ್ತಾರೆ, ಭಾಷೆ ಬರಲ್ಲ. ಬಾಲ್ಕನಿಯ ಸಡಿಲ ಸ್ಕ್ರೂ ತಿರುಗಿಸೋಣ ಅಂದರೆ, ಬಾಡಿಗೆ ಮನೆ, ಮುಟ್ಟಬೇಡಿ ಅಂತ ನಾವೇ ಹೇಳುತ್ತೇವೆ.

ಅರ್ಧ ದಾರಿ ಇಳಿದಿದ್ದೆವು. ರೇಲಿಂಗ್ ಹಿಡಿದುಕೊಂಡೇ, ನನ್ನ ಮುಖ ನೋಡದೆ ಕೇಳಿದರು. "ಟಿಕೆಟು ಸ್ವಲ್ಪ ಬೇಗಕ್ಕೆ ಮಾಡಿಸೋಕಾಗುತ್ತಾ ಪುಟ್ಟಿ? ನಮ್ಮದು ಮಾತ್ರ. ಅಡಿಕೆ ಕೊಯ್ಲಿನ ಟೈಮು."

ನಮ್ಮ ಅಡಿಕೆ ತೋಟ ಎಷ್ಟು ದೊಡ್ಡದು ಅಂತ ನನಗೆ ಗೊತ್ತಿಲ್ವಾ?

ನೋಡ್ತೀನಿ ಅಂದೆ. ಅಮ್ಮನಿಗೆ ಈ ವಿಷಯ ಗೊತ್ತಾ ಅಂತ ಕೇಳಬೇಕಿತ್ತು. ಅವಳು ಡಿಸೆಂಬರ್‌ನಲ್ಲಿ ಹಿಮ ನೋಡೋ ಆಸೆಯಲ್ಲಿದ್ದಾಳೆ, ಸ್ವೆಟರ್ ಬೇರೆ ಕೊಂಡಿದ್ದಾಳೆ. ಈಗಷ್ಟೇ ಏರ್‌ಲೈನ್ಸ್ ಪೇಜ್ ತೆರೆದು ನೋಡಿದೆ, ದಿನಾಂಕ ಬದಲಿಸೋಕೆ ಕೇಳೋ ದುಡ್ಡು ನೋಡಿದರೆ... ನಮ್ಮವರಿಗೆ ನಾಳೆ ಹೇಳಬೇಕು, ಇಲ್ಲ ಮೊದಲು ಅಮ್ಮನ ಹತ್ರ