ಜೋಡಿ ಗುಳಿಗಳ ಪ್ರಾಣಿ ಸಿಕ್ಕಿತು, ಅಚ್ಚು ಕೈಕೊಟ್ಟಿತು

ಕೊನೆಗೂ ಗೊತ್ತಾಯಿತು. ಅದು ಫಿಶರ್, ನೀರುನಾಯಿಯೂ ಸೇರುವ ವೀಸಲ್ ಕುಟುಂಬದ ಬೇಟೆ ಪ್ರಾಣಿ. ಈ ಚಳಿಗಾಲ ಪೂರ್ತಿ ತಲೆ ತಿಂದ ಹೆಜ್ಜೆ ಜಾಡಿಗೆ ಈಗ ಹೆಸರು ಸಿಕ್ಕಿದೆ.

ಅಮೆರಿಕದ ವರ್ಮಾಂಟ್‌ನಲ್ಲಿ ಹಿಮ ಬಿದ್ದ ಮಾರನೇ ದಿನ ಕಾಡಿಗೆ ಹೋದರೆ ಮೊಲ, ಅಳಿಲು, ನರಿ, ಕಾಯೋಟಿ ಎಲ್ಲವೂ ಹಾಜರಿ ಹಾಕಿರುತ್ತವೆ. ಅವನ್ನು ಬಿಡಿ, ನಿಮಗೆ ಗೊತ್ತಿರುವುದೇ. ನನ್ನನ್ನು ಸತಾಯಿಸಿದ್ದು ಜೋಡಿ ಗುಳಿಗಳು. ಎರಡು ಗುಳಿ ಪಕ್ಕಪಕ್ಕ, ಒಂದು ತುಸು ಮುಂದೆ. ಎರಡು ಮೂರು ಅಡಿ ಬಿಟ್ಟು ಮತ್ತೆ ಎರಡು. ಮುಂಗಾಲು ಊರಿದ ಗುಳಿಗೇ ಹಿಂಗಾಲು ಬಂದು ಬಿದ್ದಿದೆ. ವೀಸಲ್ ಕುಟುಂಬದ ನೆಗೆತ ಅನ್ನುವುದರಲ್ಲಿ ಸಂಶಯವಿಲ್ಲ. ರಕೂನ್ ಆಗಿದ್ದರೆ ಜೋಡಿಯಲ್ಲಿ ಒಂದು ದೊಡ್ಡದು ಒಂದು ಚಿಕ್ಕದು ಇರಬೇಕಿತ್ತು. ಆದರೆ ಆ ಕುಟುಂಬದಲ್ಲಿ ಯಾರು? ಮಿಂಕ್, ಮಾರ್ಟನ್, ಫಿಶರ್, ನೀರುನಾಯಿ, ಎಲ್ಲರೂ ಹೀಗೇ ಕುಪ್ಪಳಿಸುತ್ತಾರೆ!

ಅಳತೆ ನೋಡಿ ಹೇಳೋಣ ಅಂದರೆ ಅದೂ ಆಗಲಿಲ್ಲ. ಪುಡಿ ಹಿಮದಲ್ಲಿ ಗುಳಿಯ ಅಂಚು ಒಳಕ್ಕೆ ಕುಸಿಯುತ್ತದೆ. ಬಿಸಿಲು ಬಿದ್ದರೆ ಗುಳಿ ಕರಗಿ ಅಗಲವಾಗುತ್ತದೆ. ಒಂದೇ ಜಾಡಿನಲ್ಲಿ ನೆರಳಿನ ಹೆಜ್ಜೆ ಮಿಂಕ್‌ಗಿಂತ ಸ್ವಲ್ಪ ದೊಡ್ಡದು, ಬಿಸಿಲಿನ ಹೆಜ್ಜೆ ಚಿಕ್ಕ ಕರಡಿಯದ್ದು. ಪಕ್ಕದಲ್ಲಿ ಅಳತೆಪಟ್ಟಿ ಇಟ್ಟು ಫೋಟೋ ತೆಗೆದು ಏನು ಪ್ರಯೋಜನ ಹೇಳಿ.

ಹಾಗಾಗಿ ಹೆಜ್ಜೆ ನೋಡುವುದನ್ನು ಬಿಟ್ಟು ಜಾಡು ಹಿಡಿದು ನಡೆದೆ. ಹತ್ತಿರ ನೀರಿಲ್ಲ ಅಂತ ನೀರುನಾಯಿಯನ್ನು ಬಿಡುವ ಹಾಗಿರಲಿಲ್ಲ, ಅದು ಒಂದು ಕೆರೆಯಿಂದ ಇನ್ನೊಂದಕ್ಕೆ ಕಾಡು ದಾಟಿಯೇ ಹೋಗುತ್ತದೆ. ಆದರೆ ಮುಂದೆ ತೊರೆಯ ಕಡೆಗೆ ಒಳ್ಳೆ ಇಳಿಜಾರು ಬಂತು. ನೀರುನಾಯಿಗೆ ಅಂಥ ಇಳಿಜಾರು ಸಿಕ್ಕರೆ ಹೊಟ್ಟೆ ಹಚ್ಚಿ ಜಾರದೆ ಬಿಡುತ್ತದೆಯೇ? ಸಮತಟ್ಟಿನಲ್ಲೇ ಜಾರುವ ಪ್ರಾಣಿ ಅದು. ಇಲ್ಲಿ ಒಂದು ಜಾರುಗೆರೆಯೂ ಇಲ್ಲ, ಕೆಳಗಿನವರೆಗೂ ಅದೇ ಜೋಡಿ ಗುಳಿ. ಅಲ್ಲಿಗೆ ನೀರುನಾಯಿ ಪಟ್ಟಿಯಿಂದ ಹೊರಗೆ.

ಆಮೇಲೆ ಜಾಡು ಒರಗಿದ ಮರವೊಂದನ್ನು ಹತ್ತಿ ಇಳಿದು, ಬಂಡೆ ಸಂದಿನ ಮುಳ್ಳುಹಂದಿ ಗೂಡಿಗೆ ಒಂದು ಸುತ್ತು ಹಾಕಿತ್ತು. ಮುಳ್ಳುಹಂದಿ ಒಳಗೇ ಇತ್ತು, ಬಾಗಿಲ ತುಂಬ ಹಿಕ್ಕೆ. ಫಿಶರ್ ಮುಳ್ಳಿಲ್ಲದ ಮುಖಕ್ಕೇ ಬಾಯಿ ಹಾಕಿ ಅದನ್ನು ಕೊಲ್ಲುತ್ತದೆ. ಮರ ಹಾಳುಮಾಡುವ ಮುಳ್ಳುಹಂದಿಗಳ ಕಾಟ ತಡೆಯಲೆಂದೇ ಇಲ್ಲಿಯವರು 1959ರಿಂದ 1967ರವರೆಗೆ ಮೇಯ್ನ್ ರಾಜ್ಯದಿಂದ ನೂರಕ್ಕೂ ಹೆಚ್ಚು ಫಿಶರ್ ತಂದು ಬಿಟ್ಟರು. ನಾನು ಹಿಂಬಾಲಿಸುತ್ತಿದ್ದದ್ದು ಅವುಗಳ ಮರಿಮಕ್ಕಳಲ್ಲಿ ಒಂದು ಇದ್ದರೂ ಇರಬಹುದು.

ಖಾತ್ರಿಯಾದದ್ದು ಹೆಮ್‌ಲಾಕ್ ಮರದ ಬುಡದಲ್ಲಿ. ಅಲ್ಲಿ ಹಿಮ ಗಟ್ಟಿಯಾಗಿ, ಮೇಲೆ ತೆಳ್ಳಗೆ ಪುಡಿ ಬಿದ್ದಿತ್ತು. ಐದು ಬೆರಳು, ಉಗುರಿನ ಚುಕ್ಕೆ, ಬಾಗಿದ ಅಂಗಾಲು, ಎಲ್ಲ ಸ್ಪಷ್ಟ. ಅಗಲ ಎರಡೂಮುಕ್ಕಾಲು ಇಂಚು. ಚಳಿಗಾಲದಲ್ಲಿ ಮಾರ್ಟನ್‌ ಅಂಗಾಲಿನಲ್ಲಿ ರೋಮ ತುಂಬಿ ಗುರುತು ಮಸುಕಾಗಿರುತ್ತದೆ, ಮಿಂಕ್‌ ಹೆಜ್ಜೆ ಇದರ ಅರ್ಧದಷ್ಟು.

ಇನ್ನು ಅಚ್ಚಿನ ಕಥೆ. ಹೆಜ್ಜೆಯ ಅಚ್ಚು ತೆಗೆಯಲು ಹಿಮಕ್ಕೆ ಹೊಡೆಯುವ ಮೇಣದ ಸ್ಪ್ರೇ ತರಿಸಿದ್ದೆ. ಸ್ಪ್ರೇ ಡಬ್ಬ ವಿಮಾನದಲ್ಲಿ ಕಳಿಸುವ ಹಾಗಿಲ್ಲವಂತೆ, ಲಾರಿಯಲ್ಲಿ ಬಂತು. ಬಂದ ದಿನ ಮಳೆ. ಅಷ್ಟರಲ್ಲಿ ನಾನು ಹಳೇ ದಾರಿ ಹಿಡಿದಿದ್ದೆ: ಸಣ್ಣ ಹನಿಯಾಗಿ ನೀರು ಸಿಂಪಡಿಸಿ ಗುಳಿಗೆ ಐಸ್ ಪದರ ಕಟ್ಟಿಸಿ, ಹಿಮ ಬೆರೆಸಿ ತಣ್ಣಗೆ ಮಾಡಿದ ಪ್ಲಾಸ್ಟರ್ ಸುರಿಯುವುದು. ಪ್ಲಾಸ್ಟರ್ ಗಟ್ಟಿಯಾಗುವಾಗ ಬಿಸಿಯಾಗುತ್ತದಲ್ಲ, ಅದಕ್ಕೇ ಈ ಸರ್ಕಸ್ಸು. ಐಸ್ ಸೊಗಸಾಗಿ ಕಟ್ಟಿತು. ಆದರೆ ಅಂಗಡಿಯವನು ಕೊಟ್ಟ ಪ್ಲಾಸ್ಟರ್ ಯಾವ ಕಾಲದ್ದೋ, ತೇವ ಕುಡಿದು ಗಂಟು ಕಟ್ಟಿತ್ತು. ಎಷ್ಟು ಕಾದರೂ ರಾಗಿ ಅಂಬಲಿ ಥರವೇ ಉಳಿಯಿತು. ಚೀಲದ ಮೇಲೆ ತಾರೀಕು ಹಾಕಲು ಏನು ಕಷ್ಟ ಇವರಿಗೆ?

ಪುಣ್ಯಕ್ಕೆ ಪ್ಲಾಸ್ಟರ್ ಸುರಿಯುವ ಮೊದಲೇ ಗಾಜಿನ ಹಲಗೆ ಹಿಡಿದು ಮಾರ್ಕರ್‌ನಲ್ಲಿ ಗೆರೆ ಎಳೆದುಕೊಂಡಿದ್ದೆ. ನಮ್ಮಲ್ಲಿ ಹುಲಿ ಗಣತಿಗೆ ಹೀಗೇ ಅಲ್ವಾ ಹೆಜ್ಜೆ ಎತ್ತುತ್ತಿದ್ದದ್ದು. ಹೆಜ್ಜೆ ನೋಡಿ ಇದು ಇಂಥದ್ದೇ ಹುಲಿ ಅನ್ನುವುದನ್ನು ವನ್ಯಜೀವಿ ವಿಜ್ಞಾನಿ ಉಲ್ಲಾಸ ಕಾರಂತರು ಒಪ್ಪಲಿಲ್ಲ. ನಾಗರಹೊಳೆಯಲ್ಲಿ ಕ್ಯಾಮೆರಾ ಕಟ್ಟಿ, ಪಟ್ಟೆ ನೋಡಿ ಲೆಕ್ಕ ಹಾಕಿದರು. ಫಿಶರ್‌ಗೆ ಪಟ್ಟೆ ಇಲ್ಲ, ಆದರೆ ಅಂಗಾಲಿನಲ್ಲಿ ಸಣ್ಣ ಚುಕ್ಕೆಗಳ ಸಾಲಿದೆ, ಒಂದೊಂದಕ್ಕೂ ಬೇರೆ ಬೇರೆ. ಹಿಮದಲ್ಲಿ ಅದು ಮೂಡುವುದಿಲ್ಲ, ಮಸಿ ಹಿಡಿದ ತಗಡಿನ ಮೇಲೆ ನಡೆದರೆ ಮೂಡುತ್ತದೆ.

ಮುಂದಿನ ಕೆಲಸ ಅದೇ. ಉದ್ದನೆ ಪೆಟ್ಟಿಗೆ, ಒಳಗೆ ಮಸಿ ತಗಡು, ಅದರಾಚೆ ಅಂಟು ಕಾಗದ, ಕೊನೆಯಲ್ಲಿ ಕೋಳಿ ಕಾಲು. ಮಸಿಗೆ ಅಜ್ಜಿ ಕಾಡಿಗೆ ಹಿಡಿಯುತ್ತಿದ್ದ ವಿಧಾನವೇ ಸಾಕು: ಹರಳೆಣ್ಣೆ ದೀಪ, ಮೇಲೆ ಕವುಚಿದ ತಗಡು. ಗ್ಯಾರೇಜಿನಲ್ಲಿ ಮಾಡಬೇಕು, ಮನೆಯೊಳಗೆ ಹಚ್ಚಿದರೆ ಅಲಾರಂ ಹೊಡೆದುಕೊಂಡು ನನ್ನನ್ನೂ ಕಾಡಿಗೆ ಅಟ್ಟುತ್ತಾರೆ. ಏಪ್ರಿಲ್ ಹೊತ್ತಿಗೆ ಕರಡಿಗಳು ಎದ್ದುಬಿಡುತ್ತವೆ, ಆಮೇಲೆ ಕೋಳಿ ಇಡುವ ಹಾಗಿಲ್ಲ. ಈ ಶನಿವಾರವೇ ತಗಡು ಕತ್ತರಿಸಬೇಕು.