ರಾ ಫೈಲಿಗೆ ಯಾವ ಸಾಫ್ಟ್‌ವೇರ್ ಅಂತ ಕೇಳುವವರಿಗೆ

ಡಾರ್ಕ್‌ಟೇಬಲ್. ಉತ್ತರ ಇಷ್ಟೇ. ಬಾಯಲ್ಲಿ ಹೇಳಿ ಹೇಳಿ ಸಾಕಾಗಿದೆ, ಅದಕ್ಕೇ ಬರೆದಿಡುತ್ತಿದ್ದೇನೆ.

ನನ್ನ ಯಕ್ಷಗಾನದ ಫೋಟೋ ನೋಡಿದವರೆಲ್ಲ ಕೇಳುವುದು ಒಂದೇ: "ರಾ ಫೈಲನ್ನು ಯಾವುದರಲ್ಲಿ ಎಡಿಟ್ ಮಾಡ್ತೀರಿ?" ಡಾರ್ಕ್‌ಟೇಬಲ್ ಪುಕ್ಕಟೆ ಸಿಗುತ್ತದೆ. (ರಾ ಅಂದರೆ ಕ್ಯಾಮೆರಾ ಕಂಡದ್ದನ್ನು ಹಾಗೇ ಹಿಡಿದಿಟ್ಟ ಕಚ್ಚಾ ಫೈಲು.) ಲಿನಕ್ಸ್, ವಿಂಡೋಸ್, ಮ್ಯಾಕ್ ಎಲ್ಲದರಲ್ಲೂ ನಡೆಯುತ್ತದೆ. ಮೂಲ ಫೈಲನ್ನು ಮುಟ್ಟುವುದಿಲ್ಲ. ಮಾಡಿದ ಬದಲಾವಣೆಗಳನ್ನು ಪಕ್ಕದಲ್ಲೇ ಒಂದು ಪುಟ್ಟ ಎಕ್ಸ್‌ಎಂಪಿ ಫೈಲಿನಲ್ಲಿ ಬರೆದಿಡುತ್ತದೆ. ಕಲಿಯಲು ಕಷ್ಟ, ಹೌದು. ತಿಂಗಳಿಗಿಷ್ಟು ಅಂತ ಕಟ್ಟಲು ತಯಾರಿದ್ದರೆ ಲೈಟ್‌ರೂಮ್ ತಗೊಳ್ಳಿ, ಬೇಗ ಕೈಗೆ ಹತ್ತುತ್ತದೆ. ಎರಡೂ ಬೇಡವಾದರೆ ಕ್ಯಾನನ್, ನಿಕಾನ್‌ನವರು ತಮ್ಮ ಕ್ಯಾಮೆರಾಗಳಿಗೆ ಪುಕ್ಕಟೆ ಕೊಡುವ ಸಾಫ್ಟ್‌ವೇರೇ ಸಾಕು.

ಕೆಲವರು ಕೇಳುವ ಧಾಟಿ ಮಾತ್ರ ಸಿಟ್ಟು ತರಿಸುತ್ತದೆ. ಒಂದು ರಾತ್ರಿ ಚೌಕಿಯಲ್ಲಿ, ಅಂದರೆ ವೇಷ ಹಾಕಿಕೊಳ್ಳುವ ಜಾಗದಲ್ಲಿ, ತೆಂಕುತಿಟ್ಟು ಶೈಲಿಯ ಬಣ್ಣದ ವೇಷದವರು (ರಾಕ್ಷಸ ಪಾತ್ರದವರು) ಕನ್ನಡಿ ಹಿಡಿದು ಕೂತಿದ್ದರು. ಅಕ್ಕಿಹಿಟ್ಟಿಗೆ ಸುಣ್ಣ ಕಲಸಿದ ಚುಟ್ಟಿಯನ್ನು ಕಡ್ಡಿಯ ತುದಿಯಲ್ಲಿ ತೆಗೆದು, ಕೆನ್ನೆಯ ಮೇಲೆ ಒಂದೊಂದೇ ಮುಳ್ಳು ಏಳಿಸುತ್ತಿದ್ದರು. ಗಂಟೆಗಟ್ಟಲೆ ಹಿಡಿಯುವ ಕೆಲಸ. ನನ್ನ ಕ್ಯಾಮೆರಾದ ಪರದೆ ಇಣುಕಿದ ಒಬ್ಬರು, "ಎಲ್ಲ ಸಾಫ್ಟ್‌ವೇರ್ ಮಹಿಮೆ ಅಲ್ವಾ?" ಅಂದರು. ಆ ಚಿತ್ರ ಇನ್ನೂ ಕಂಪ್ಯೂಟರಿನ ಮುಖವನ್ನೇ ನೋಡಿರಲಿಲ್ಲ! ಮಹಿಮೆ ಯಾರದ್ದು ಅಂತ ಎದುರಿಗೇ ಕೂತಿತ್ತಲ್ಲ.

ಅವರು ಬೇರೊಂದು ಕೇಳಿದ್ದರೆ ಎಷ್ಟು ಚೆನ್ನಾಗಿತ್ತು: "ಆ ಚುಟ್ಟಿಯ ಬಿಳಿ ಫೋಟೋದಲ್ಲಿ ಹೇಗೆ ಉಳಿಯಿತು?"

ಜೆಪೆಗ್‌ನಲ್ಲಿ (ಕ್ಯಾಮೆರಾವೇ ಸಿದ್ಧಮಾಡಿ ಕೊಡುವ ಚಿತ್ರ) ಒಂದೊಂದು ಬಣ್ಣಕ್ಕೆ ಬೆಳಕಿನ 256 ಮೆಟ್ಟಿಲು. 14 ಬಿಟ್ ರಾ ಫೈಲಿನಲ್ಲಿ 16,384. ಜೋರು ಬೆಳಕಲ್ಲಿ ಜೆಪೆಗ್ ತೆಗೆದರೆ ಚುಟ್ಟಿಯ ಮುಳ್ಳುಗಳೆಲ್ಲ ಕಲಸಿ ಒಂದೇ ಬಿಳಿ ಪಟ್ಟಿಯಾಗಿಬಿಡುತ್ತವೆ. ರಾ ಫೈಲಿನಲ್ಲಿ ಬೆಳಕನ್ನು ಇಳಿಸಿದಾಗ ಒಂದೊಂದು ಮುಳ್ಳಿನ ಪಕ್ಕದ ತೆಳು ನೆರಳೂ ವಾಪಸ್ ಬರುತ್ತದೆ. ಆದರೆ ಸೆನ್ಸರ್‌ನಲ್ಲೇ ಬೆಳಕು ಮಿತಿಮೀರಿ ಬಿಳಿ ಸುಟ್ಟುಹೋಗಿದ್ದರೆ ಯಾವ ಸಾಫ್ಟ್‌ವೇರೂ ಅದನ್ನು ತಂದುಕೊಡಲಾರದು, ಎಷ್ಟೇ ದುಡ್ಡು ಸುರಿಯಿರಿ.

ಈಗ ರಂಗಸ್ಥಳದ ತುಂಬ ನೀಲಿ ಎಲ್‌ಇಡಿ ಬೇರೆ. ಬೇರೆ ಬಣ್ಣಗಳು ಇನ್ನೂ ಕತ್ತಲಲ್ಲಿರುವಾಗಲೇ ನೀಲಿ ಮಿತಿ ದಾಟಿರುತ್ತದೆ. ಕ್ಯಾಮೆರಾದ ಹಿಸ್ಟೋಗ್ರಾಂ (ಬೆಳಕಿನ ಹಂಚಿಕೆ ತೋರಿಸುವ ನಕ್ಷೆ) ಜೆಪೆಗ್ ಲೆಕ್ಕದ್ದು, ರಾ ಫೈಲಿನದ್ದಲ್ಲ. ಅದಕ್ಕೇ ಅಲ್ಲಿ ನಾನು ಒಂದು ಸ್ಟಾಪ್, ಅಂದರೆ ಬೆಳಕನ್ನು ಅರ್ಧಕ್ಕೆ, ಇಳಿಸಿಯೇ ತೆಗೆಯುತ್ತೇನೆ. ರಾ ಫೈಲಿನಲ್ಲಿ ಎಲ್ಲೆಲ್ಲಿ ಸುಟ್ಟಿದೆ ಅಂತ ತೋರಿಸುವ ಗುಂಡಿ ಡಾರ್ಕ್‌ಟೇಬಲ್‌ನಲ್ಲಿದೆ. ಮನೆಗೆ ಬಂದು ಮೊದಲು ಒತ್ತುವುದು ಅದನ್ನೇ. ಸಾಫ್ಟ್‌ವೇರ್ ಯಾವುದೇ ಹಾಕಿಕೊಳ್ಳಿ, ಇಂಥದ್ದೊಂದು ಅದರಲ್ಲಿ ಇದೆಯಾ ನೋಡಿ.

ಇನ್ನು ಚೌಕಿಯಲ್ಲಿ ಸಿಕ್ಕಿದರೆ ಬಿಳಿಯ ಬಗ್ಗೆ ಕೇಳಿ. ಬೆಳಗಿನವರೆಗೂ ಮಾತಾಡೋಣ.